ಎಂಜಿನ್‌ನಿಂದ ಗೇರ್‌ಬಾಕ್ಸ್ ಬಿಡಿಸುವಾಗ ಜಗ್ಗದ ಬೋಲ್ಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಎಂಜಿನ್ ಇಳಿಸುವ ಕೆಲಸ ಹೆಚ್ಚಾಗಿ ನಿಂತುಹೋಗುವುದು ಬೆಲ್ ಹೌಸಿಂಗ್ (ಎಂಜಿನ್ನಿಗೆ ಸೇರುವ ಗೇರ್‌ಬಾಕ್ಸಿನ ಅಗಲ ಬಾಯಿ) ಹತ್ತಿರ. ಎಂಟು ಬೋಲ್ಟಲ್ಲಿ ಆರು ಸಲೀಸಾಗಿ ಬಿಚ್ಚಿಕೊಳ್ಳುತ್ತವೆ. ಉಳಿದೆರಡು ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಆ ಎರಡರ ಬಗ್ಗೆ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಬೋಲ್ಟನ್ನು ಹಿಡಿದಿಟ್ಟಿರುವುದು ಏನು ಅಂತ ನೋಡುವ ಮೊದಲೇ ಬಲ ಹಾಕಿದರೆ ಅದು ಮುರಿಯುತ್ತದೆ. ನಾನು ನೋಡಿದ ಮುರಿದ ಬೋಲ್ಟುಗಳಲ್ಲಿ ಬಹುಪಾಲು ಹಾಗೆ ಮುರಿದವೇ.

## ಶುರು ಮಾಡುವ ಮುಂಚೆ

ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಒಟ್ಟು ಎಷ್ಟು ಬೋಲ್ಟ್ ಇರುತ್ತವೆ? ಯಾವ ಸೈಜು?

ಗಾಡಿಯಿಂದ ಗಾಡಿಗೆ ಬೇರೆ. ಸಾಮಾನ್ಯವಾಗಿ 6ರಿಂದ 10. ಹೆಚ್ಚಿನವು ಎಂ10 ಅಥವಾ ಎಂ12 ಬೋಲ್ಟುಗಳು (ಥ್ರೆಡ್ಡಿನ ದಪ್ಪ 10 ಅಥವಾ 12 ಮಿ.ಮೀ.). ತಲೆ 14, 16, 17, 18 ಇಲ್ಲವೇ 19 ಮಿ.ಮೀ. ಸಾಕೆಟ್ಟಿಗೆ ಕೂರುತ್ತದೆ. ಕೆಲವು ಯುರೋಪಿನ ಗಾಡಿಗಳಲ್ಲಿ ನಕ್ಷತ್ರದ ಆಕಾರದ ತಲೆ ಇರುತ್ತದೆ. ಅದಕ್ಕೆ ಬೇರೆಯೇ ಸಾಕೆಟ್ ಬೇಕು, ಸುಮಾರಾಗಿ ಕೂರುವ ಸಾಕೆಟ್ ಹಾಕಿ ತಿರುಗಿಸಲು ಹೋಗಬೇಡಿ.

ಉದ್ದ ಒಂದೇ ಇರುವುದಿಲ್ಲ ಅನ್ನುವುದು ಮುಖ್ಯ. ಒಂದು ರಟ್ಟಿನ ಮೇಲೆ ಬೆಲ್ ಹೌಸಿಂಗ್ ಆಕಾರ ಬರೆಯಿರಿ. ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಸಿಕ್ಕಿಸಿಡಿ. ವಾಪಸ್ ಜೋಡಿಸುವಾಗ ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದು ಹೋದರೆ ಅದು ತಳ ಮುಟ್ಟಿ ನಿಲ್ಲುತ್ತದೆ. ಬಿಗಿಯಾಯಿತು ಅಂತ ನಿಮಗನಿಸುತ್ತದೆ, ಆದರೆ ಗೇರ್‌ಬಾಕ್ಸ್ ಹಿಡಿದಿರುವುದಿಲ್ಲ. ಇನ್ನೂ ಬಲ ಹಾಕಿದರೆ ಬ್ಲಾಕೇ ಬಿರುಕು ಬಿಡಬಹುದು.

ಸೇಫ್ಟಿಗೆ ಮೊದಲು ಏನೇನು ಮಾಡಿಕೊಳ್ಳಬೇಕು?

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಸ್ಟಾರ್ಟರಿಗೆ ಬರುವ ದಪ್ಪ ವೈರಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಎಂಜಿನ್ನಿಗೆ ಕ್ರೇನ್, ಗೇರ್‌ಬಾಕ್ಸ್ ಅಡಿಗೆ ಜ್ಯಾಕ್, ಎರಡೂ ಕೊಟ್ಟ ಮೇಲೆಯೇ ಕೊನೆಯ ಬೋಲ್ಟುಗಳನ್ನು ಮುಟ್ಟಿ. ಕನ್ನಡಕ ಹಾಕಿ. ಮೇಲೆ ನೋಡುತ್ತಾ ಕೆಲಸ ಮಾಡುವಾಗ ತುಕ್ಕಿನ ಪುಡಿ ನೇರ ಕಣ್ಣಿಗೇ ಬೀಳುತ್ತದೆ.

ಇಷ್ಟು ಗಟ್ಟಿಯಾಗಿ ಹಿಡ್ಕೊಳ್ಳೋದಾದ್ರೂ ಯಾಕೆ? ಕಂಪನಿಯವರೇ ಅಷ್ಟು ಟೈಟ್ ಮಾಡಿರ್ತಾರಾ?

ಇಲ್ಲ. ಎಂ10 ಬೋಲ್ಟಿಗೆ ಸುಮಾರು 40-50 ನ್ಯೂಟನ್ ಮೀಟರ್, ಎಂ12ಕ್ಕೆ ಅದಕ್ಕಿಂತ ಜಾಸ್ತಿ. ಒಂದು ಸಾಧಾರಣ ಸ್ಪ್ಯಾನರಿನಲ್ಲಿ ಕೈಯಿಂದಲೇ ಬಿಗಿ ಮಾಡಬಹುದಾದಷ್ಟು. ಉಳಿದ ಬಿಗಿಯೆಲ್ಲ ವರ್ಷಗಳು ಕಳೆದಂತೆ ಸೇರಿಕೊಂಡದ್ದು.

ಮೊದಲನೆಯದು ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಥ್ರೆಡ್ ಒಳಗೆ ಊದಿಕೊಳ್ಳಲು ಜಾಗ ಎಲ್ಲಿದೆ? ಅಲ್ಲೇ ಒತ್ತಿಕೊಂಡು ಕೂರುತ್ತದೆ. ಎರಡನೆಯದು ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಹೌಸಿಂಗ್ ಎರಡೂ ಸೇರಿದ ಕಡೆ ನೀರು ನಿಂತರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಅದು ಸಿಮೆಂಟಿನ ಹಾಗೆ ಬೋಲ್ಟನ್ನು ಕಚ್ಚುತ್ತದೆ. ಮೂರನೆಯದು ಕಂಪನಿಯವರೋ ಹಿಂದಿನ ಮೆಕ್ಯಾನಿಕ್ಕೋ ಹಾಕಿದ ಥ್ರೆಡ್ ಲಾಕರ್ ಅಂಟು.

ಇನ್ನೊಂದು ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಬೋಲ್ಟ್ ಬಿಗಿ ಮಾಡುವಾಗ ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ತಲೆಯಡಿಯ ಉಜ್ಜಾಟಕ್ಕೇ ಹೋಗುತ್ತದೆ. ಬಿಚ್ಚುವಾಗಲೂ ಅದೇ ತಲೆಯಡಿ ಜಾಮ್ ಆಗಿರಬಹುದು. ಹಾಗಾಗಿ ಎಣ್ಣೆಯನ್ನು ಥ್ರೆಡ್ಡಿಗೆ ಮಾತ್ರ ಬಿಟ್ಟರೆ ಸಾಲದು, ತಲೆಯ ಸುತ್ತಲೂ ಬಿಡಬೇಕು.

## ಬಲ ಹಾಕುವ ಹಂತ

ನನ್ನ ಹತ್ರ 12 ಮೂಲೆಯ ಸಾಕೆಟ್ ಇದೆ, ಅದೇ ಸಾಕಾ?

ಸುಲಭವಾಗಿ ಬರುವ ಬೋಲ್ಟಿಗೆ ಸಾಕು. ಹಠಮಾರಿ ಬೋಲ್ಟಿಗೆ 6 ಮೂಲೆಯದೇ ಬೇಕು. 12 ಮೂಲೆಯದು ತಲೆಯ ಅಂಚನ್ನು ಮಾತ್ರ ಹಿಡಿಯುತ್ತದೆ, 6 ಮೂಲೆಯದು ಅಂಚಿನಿಂದ ಒಳಗೆ ಬಂದು ಪಕ್ಕವನ್ನು ಅಗಲವಾಗಿ ಒತ್ತುತ್ತದೆ. ಸಾಕೆಟ್ ಹಾಕುವ ಮೊದಲು ತಂತಿ ಬ್ರಷ್‌ನಿಂದ ತಲೆ ಉಜ್ಜಿ. ಆಮೇಲೆ ಸಾಕೆಟ್ಟನ್ನು ಸುತ್ತಿಗೆಯಿಂದ ಮೆತ್ತಗೆ ತಟ್ಟಿ ಪೂರ್ತಿ ಕೂರಿಸಿ. ಅರ್ಧ ಕೂತ ಸಾಕೆಟ್ ಎಷ್ಟು ಬೋಲ್ಟಿನ ತಲೆ ತಿಂದಿದೆಯೋ ಲೆಕ್ಕವಿಲ್ಲ.

ಆಯಿಲ್ ಸ್ಪ್ರೇ ಮಾಡಿದೆ, ಏನೂ ಆಗ್ಲಿಲ್ಲ. ಯಾವ ಬ್ರ್ಯಾಂಡ್ ತಗೋಬೇಕು?

ಬ್ರ್ಯಾಂಡಿಗಿಂತ ಸಮಯ ಮುಖ್ಯ. ಸ್ಪ್ರೇ ಮಾಡಿ ಐದು ನಿಮಿಷಕ್ಕೆ ಬಲ ಹಾಕಿದರೆ ಸ್ಪ್ರೇ ಮಾಡದ ಹಾಗೇ. ಹಿಂದಿನ ದಿನ ಸಂಜೆ ಒಮ್ಮೆ, ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ ಬಿಡಿ. ಪ್ರತಿ ಸಲವೂ ತಲೆಯನ್ನು ಸುತ್ತಿಗೆಯಿಂದ ನಾಲ್ಕೈದು ಸಲ ತಟ್ಟಿ. ಆ ಅದುರಿಗೆ ತುಕ್ಕಿನಲ್ಲಿ ಸಣ್ಣ ಬಿರುಕು ಬೀಳುತ್ತದೆ, ಎಣ್ಣೆ ಒಳಗಿಳಿಯಲು ದಾರಿಯಾಗುತ್ತದೆ.

ಎಲ್ಲರ ಮನೆಯಲ್ಲೂ ಇರುವ ಮಾಮೂಲಿ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ನೀರು ನಿಲ್ಲದಂತೆ ಮಾಡಿ ತುಕ್ಕು ತಡೆಯುವುದಕ್ಕೆ. ಜಾಮ್ ಆದ ಬೋಲ್ಟಿಗೆ ಪೆನಿಟ್ರೇಟಿಂಗ್ ಆಯಿಲ್ ಅಂತಲೇ ಬರೆದಿರುವುದನ್ನು ತನ್ನಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಅರ್ಧ, ಅಸಿಟೋನ್ ಅರ್ಧ ಬೆರೆಸಿಯೂ ಬಳಸುತ್ತಾರೆ. ಅದು ಕೆಲಸ ಮಾಡುತ್ತದೆ. ಆದರೆ ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಬೇಕು. ಅಸಿಟೋನ್ ಬಣ್ಣ ತಿನ್ನುತ್ತದೆ, ಬೆಂಕಿಗೆ ತಕ್ಷಣ ಹತ್ತಿಕೊಳ್ಳುತ್ತದೆ.

ಇನ್ನೊಂದು ಮಾತು. ಬೆಲ್ ಹೌಸಿಂಗಿನ ಕೆಲವು ಬೋಲ್ಟುಗಳ ತುದಿ ಆ ಕಡೆ ಹೊರಗೆ ಕಾಣುತ್ತದೆ. ಕನ್ನಡಿ ಹಿಡಿದು ನೋಡಿ. ತುದಿ ಸಿಕ್ಕರೆ ಎಣ್ಣೆ ಅಲ್ಲಿಂದಲೇ ಬಿಡಿ. ಆದರೆ ಹೌಸಿಂಗಿನ ಒಳಗೆ ಸುಮ್ನೆ ಸ್ಪ್ರೇ ಹೊಡೆಯಬೇಡಿ. ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದರೆ ಆಮೇಲೆ ಕ್ಲಚ್ ಜಾರುತ್ತದೆ.

ಪೈಪ್ ಹಾಕಿ ಎಳೆದರೆ ಮುರಿಯುತ್ತಾ? ಎಷ್ಟು ಉದ್ದ ಹಾಕಬಹುದು?

60 ಸೆಂ.ಮೀ. ರಾಡಿನ ತುದಿಯಲ್ಲಿ 30 ಕೆ.ಜಿ. ಭಾರದಷ್ಟು ಎಳೆದರೆ ಸುಮಾರು 175 ನ್ಯೂಟನ್ ಮೀಟರ್. ಒಂದು ಮೀಟರ್ ಪೈಪಿನಲ್ಲಿ ಅದೇ ಎಳೆತ 290 ದಾಟುತ್ತದೆ. ಸಾಧಾರಣ ಎಂ10 ಬೋಲ್ಟು ಅದರ ಅರ್ಧಕ್ಕೇ ತುಂಡಾಗಬಹುದು. ಹಾಗಾಗಿ ಎಂ10ಕ್ಕೆ ನಾನು 60 ಸೆಂ.ಮೀ. ದಾಟುವುದಿಲ್ಲ, ಅದರಲ್ಲೂ ನಿಧಾನವಾಗಿಯೇ ಬಲ ಏರಿಸುತ್ತೇನೆ.

ಕೈಗೆ ಏನು ತಿಳಿಯುತ್ತದೆ ಅನ್ನುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಬಿಡುವ ಬೋಲ್ಟು ಮೊದಲು ಕಲ್ಲಿನ ಹಾಗಿರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ‘ಟಕ್’ ಅಂತ ಒಂದು ಸದ್ದು, ರಾಡು ಅರ್ಧ ಬೆರಳಿನಷ್ಟು ಜರುಗುತ್ತದೆ. ಆ ಸದ್ದು ಕೇಳಿದರೆ ನಿಲ್ಲಿಸಿ, ಎಣ್ಣೆ ಬಿಡಿ, ಮುಂದುವರಿಸಿ. ಮುರಿಯುವ ಬೋಲ್ಟು ಹಾಗಲ್ಲ. ಸದ್ದಿಲ್ಲದೆ ಮೆತ್ತಗೆ ತಿರುಗುತ್ತಾ ಹೋಗುತ್ತದೆ, ರಬ್ಬರ್ ತಿರುಚಿದ ಹಾಗೆ. ಕೈ ಸಡಿಲ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಬರುತ್ತದೆ. ಅಂದರೆ ತಲೆ ತಿರುಗುತ್ತಿದೆ, ಥ್ರೆಡ್ ಕದಲಿಲ್ಲ. ಅಲ್ಲಿಗೆ ರಾಡ್ ಕೆಳಗಿಟ್ಟು ಬಿಸಿ ಮಾಡುವ ಯೋಚನೆ ಮಾಡಿ.

ಮೊದಲು ಟೈಟ್ ಮಾಡಿ ಆಮೇಲೆ ಲೂಸ್ ಮಾಡು ಅಂತಾರಲ್ಲ, ನಿಜಾನಾ?

ನಿಜ. ಕೂದಲೆಳೆಯಷ್ಟು ಮಾತ್ರ ಬಿಗಿ ಕಡೆಗೆ ತಳ್ಳಿ. ತುಕ್ಕಿನ ಪದರ ಒಡೆಯಬೇಕು ಅಷ್ಟೇ. ಒಮ್ಮೆ ಕದಲಿದ ಮೇಲೂ ಒಂದೇ ಸಮ ಬಿಚ್ಚುತ್ತಾ ಹೋಗಬೇಡಿ. ಕಾಲು ಸುತ್ತು ಹೊರಗೆ, ಸ್ವಲ್ಪ ಒಳಗೆ, ಮತ್ತೆ ಹೊರಗೆ. ಥ್ರೆಡ್ಡಿನಲ್ಲಿ ಕೂತ ಪುಡಿ ಹೀಗೆ ಪುಡಿಪುಡಿಯಾಗಿ ಹೊರಬರುತ್ತದೆ. ಅವಸರ ಮಾಡಿದರೆ ಅದೇ ಪುಡಿ ಗುಡ್ಡೆಯಾಗಿ ಅರ್ಧ ದಾರಿಯಲ್ಲಿ ಬೋಲ್ಟು ಮತ್ತೆ ಕಚ್ಚಿಕೊಳ್ಳುತ್ತದೆ.

ಇಂಪ್ಯಾಕ್ಟ್ ಗನ್ ಇದ್ದರೆ ಅದನ್ನೇ ಹಿಡಿದರೆ ಸಾಕಲ್ವಾ?

ಒಳ್ಳೆಯ ಸಾಧನ. ಒಂದೇ ಸಮ ಎಳೆಯುವುದಕ್ಕಿಂತ ಸಣ್ಣ ಸಣ್ಣ ಹೊಡೆತ ತುಕ್ಕನ್ನು ಚೆನ್ನಾಗಿ ಒಡೆಯುತ್ತದೆ, ಬೋಲ್ಟು ಮುರಿಯುವುದೂ ಕಡಿಮೆ. ಕಡಿಮೆ ಸೆಟ್ಟಿಂಗಿನಲ್ಲಿ ಶುರು ಮಾಡಿ, ಎರಡು ಸೆಕೆಂಡ್ ಹೊಡೆದು ನಿಲ್ಲಿಸಿ. ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟನ್ನೇ ಹಾಕಿ. ಹೊಳೆಯುವ ಕ್ರೋಮ್ ಸಾಕೆಟ್ ಸಿಡಿದು ಚೂರು ಹಾರಬಹುದು. ಉದ್ದ ಎಕ್ಸ್‌ಟೆನ್ಷನ್, ಯೂನಿವರ್ಸಲ್ ಜಾಯಿಂಟ್ ಹಾಕಿದಷ್ಟೂ ಹೊಡೆತದ ಬಲ ದಾರಿಯಲ್ಲೇ ಕರಗಿಹೋಗುತ್ತದೆ ಅನ್ನುವುದು ನೆನಪಿರಲಿ.

## ಕೈ ಹೋಗದ ಜಾಗ, ಕಾಣದ ಬೋಲ್ಟು

ಮೇಲಿನ ಎರಡು ಬೋಲ್ಟಿಗೆ ಕೈಯೇ ಹೋಗಲ್ಲ. ಏನ್ ಮಾಡೋದು?

ಹಿಂದಿನ ಚಕ್ರ ಓಡಿಸುವ ಗಾಡಿಯಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಗೇರ್‌ಬಾಕ್ಸ್ ಅಡಿಗೆ ಜ್ಯಾಕ್ ಕೊಟ್ಟು, ಹಿಂದಿನ ಅಡ್ಡಪಟ್ಟಿ ಬಿಚ್ಚಿ. ಆಮೇಲೆ ಜ್ಯಾಕನ್ನು ನಿಧಾನವಾಗಿ ಇಳಿಸಿದರೆ ಗೇರ್‌ಬಾಕ್ಸಿನ ಬಾಲ ಕೆಳಗೆ ಬರುತ್ತದೆ, ಮೇಲ್ಗಡೆ ಜಾಗವಾಗುತ್ತದೆ. ಹಿಂದಿನಿಂದ 60-90 ಸೆಂ.ಮೀ. ಎಕ್ಸ್‌ಟೆನ್ಷನ್ ಗೇರ್‌ಬಾಕ್ಸ್ ಮೇಲೆ ಹಾಯಿಸಿ, ತುದಿಗೆ ಯೂನಿವರ್ಸಲ್ ಜಾಯಿಂಟ್ ಹಾಕಿ. ಜಾಯಿಂಟ್ ತೊನೆದಾಡುತ್ತಿದ್ದರೆ ಸುತ್ತ ಟೇಪ್ ಸುತ್ತಿ, ಸ್ವಲ್ಪ ಗಟ್ಟಿಯಾಗಿ ನಿಲ್ಲುತ್ತದೆ. ಬಾಲ ಇಳಿಸುವಾಗ ಎಂಜಿನ್ನಿನ ಹಿಂಭಾಗ ಗಾಡಿಯ ಗೋಡೆಗೆ ತಾಗುತ್ತಿದೆಯಾ, ರೇಡಿಯೇಟರ್ ಪೈಪು ಎಳೆಯುತ್ತಿದೆಯಾ ಅಂತ ಒಬ್ಬರು ಮೇಲಿನಿಂದ ನೋಡುತ್ತಿರಲಿ.

ಮುಂದಿನ ಚಕ್ರದ ಗಾಡಿಯಾದರೆ ಬ್ಯಾಟರಿ, ಅದರ ಟ್ರೇ, ಏರ್ ಫಿಲ್ಟರ್ ಡಬ್ಬಿ ತೆಗೆಯಿರಿ. ಅರ್ಧ ಗಂಟೆ ಕೆಲಸ ಜಾಸ್ತಿ ಅನಿಸುತ್ತದೆ. ಆದರೆ ಓರೆಯಾಗಿ ಸಾಕೆಟ್ ತೂರಿಸಿ ತಲೆ ಹಾಳುಮಾಡಿಕೊಳ್ಳುವುದಕ್ಕಿಂತ ಅದೇ ವಾಸಿ.

ಎಲ್ಲಾ ಬೋಲ್ಟ್ ಬಿಚ್ಚಿದೀನಿ, ಆದ್ರೂ ಗೇರ್‌ಬಾಕ್ಸ್ ಅಲ್ಲಾಡ್ತಿಲ್ಲ!

ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಯಾವಾಗಲೂ ಒಂದೇ: ಇನ್ನೊಂದು ಬೋಲ್ಟ್ ಉಳಿದಿದೆ, ಹುಡುಕಿ.

ಒಮ್ಮೆ ನಾನು ಎರಡು ಗಂಟೆ ಹೊತ್ತು ಒಂದು ಗೇರ್‌ಬಾಕ್ಸನ್ನು ಅಲ್ಲಾಡಿಸಿದ್ದೆ. ಕೆಳಗೆ ಎಡಗಡೆ ಮಾತ್ರ ಕೂದಲಷ್ಟೂ ಬಿಡುತ್ತಿರಲಿಲ್ಲ. ಕೊನೆಗೆ ಡೀಸೆಲ್ ಅದ್ದಿದ ಬ್ರಷ್ ಹಿಡಿದು ಆ ಮೂಲೆಯ ಜಿಡ್ಡು ಕೆರೆದೆ. ಅರ್ಧ ಇಂಚು ದಪ್ಪದ ಕಪ್ಪು ಜಿಡ್ಡಿನ ಕೆಳಗೆ ಒಂದು ಸಣ್ಣ ತಲೆ ಕಂಡಿತು. ಬೇರೆಲ್ಲ ಬೋಲ್ಟು ಗೇರ್‌ಬಾಕ್ಸ್ ಕಡೆಯಿಂದ ಎಂಜಿನ್ನಿಗೆ ಹೋಗಿದ್ದವು. ಇದೊಂದು ಎಂಜಿನ್ ಕಡೆಯಿಂದ ಗೇರ್‌ಬಾಕ್ಸಿಗೆ ಬಂದಿತ್ತು. ಬಿಚ್ಚಲು ಹಿಡಿದದ್ದು ಒಂದೇ ನಿಮಿಷ. ಆವತ್ತಿನಿಂದ ಬೆಲ್ ಹೌಸಿಂಗಿನ ಅಂಚನ್ನು ಸುತ್ತಲೂ ತೊಳೆಯದೆ ನಾನು ಸ್ಪ್ಯಾನರ್ ಹಿಡಿಯುವುದಿಲ್ಲ.

ಹುಡುಕಬೇಕಾದ ಜಾಗಗಳು: ಆಯಿಲ್ ಸಂಪಿನಿಂದ ಗೇರ್‌ಬಾಕ್ಸಿಗೆ ಹೋಗುವ ಬೋಲ್ಟು, ಸ್ಟಾರ್ಟರ್ ಬೋಲ್ಟು (ಅದು ಹೆಚ್ಚಾಗಿ ಎರಡನ್ನೂ ಹಿಡಿದಿರುತ್ತದೆ), ಫ್ಲೈವೀಲಿನ ತಗಡಿನ ಮುಚ್ಚಳ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸೇರಿಸಿ ಹಾಕಿದ ಸಪೋರ್ಟ್ ಪಟ್ಟಿ.

ನಿಜಕ್ಕೂ ಎಲ್ಲ ಬಿಚ್ಚಿದ್ದರೆ ಹಿಡಿದಿರುವುದು ಡೋವೆಲ್ ಪಿನ್ನುಗಳು, ಅಂದರೆ ಎಂಜಿನ್ನೂ ಗೇರ್‌ಬಾಕ್ಸೂ ಸರಿಯಾದ ಜಾಗಕ್ಕೆ ಕೂರಲಿ ಅಂತ ಹಾಕಿದ ಥ್ರೆಡ್ ಇಲ್ಲದ ಪಿನ್ನುಗಳು. ಸಾಮಾನ್ಯವಾಗಿ ಎರಡಿರುತ್ತವೆ, ಎದುರುಬದುರು. ಟೊಳ್ಳು ಡೋವೆಲ್ ಆದರೆ ಬೋಲ್ಟು ಅದರ ಒಳಗಿಂದಲೇ ಹಾಯ್ದಿರುತ್ತದೆ. ಉಕ್ಕಿನ ಪಿನ್ನು ಅಲ್ಯೂಮಿನಿಯಂ ತೂತಿನಲ್ಲಿ ಕಚ್ಚಿಕೊಂಡಿರುತ್ತದೆ. ಆ ಜಾಗಕ್ಕೆ ಎಣ್ಣೆ ಬಿಟ್ಟು, ಮರದ ತುಂಡಿಟ್ಟು ಹೌಸಿಂಗಿನ ದಪ್ಪ ಭಾಗಕ್ಕೆ ಸುತ್ತಿಗೆಯಿಂದ ತಟ್ಟಿ. ಒಂದು ಸಣ್ಣ ಸಂದು ಕಂಡರೆ ತೆಳು ಬೆಣೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಇಟ್ಟು ಸಮವಾಗಿ ಬಿಡಿಸಿ. ಒಂದೇ ಕಡೆ ಮೀಟಿದರೆ ಪಿನ್ನು ಓರೆಯಾಗಿ ಇನ್ನೂ ಗಟ್ಟಿಯಾಗುತ್ತದೆ, ಹೌಸಿಂಗಿನ ಕಿವಿ ಒಡೆಯುತ್ತದೆ. ಎರಡು ಮುಖ ಕೂಡುವ ನುಣುಪು ಜಾಗಕ್ಕೆ ಸ್ಕ್ರೂಡ್ರೈವರ್ ತೂರಿಸಿ ಗೀರಬೇಡಿ.

ಒಂದು ಇಂಚು ಬಂತು, ಅಲ್ಲೇ ನಿಂತುಬಿಟ್ಟಿದೆ. ಈಗ?

ಮ್ಯಾನುಯಲ್ ಗೇರ್‌ಬಾಕ್ಸ್ ಆದರೆ ಇನ್‌ಪುಟ್ ಶಾಫ್ಟು ಇನ್ನೂ ಕ್ಲಚ್ ಪ್ಲೇಟಿನೊಳಗೇ ಇದೆ. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಗೆರೆಯಲ್ಲಿದ್ದರೆ ಮಾತ್ರ ಅದು ಜಾರಿ ಬರುತ್ತದೆ. ಸಂದನ್ನು ಮೇಲೆ, ಕೆಳಗೆ, ಎಡ, ಬಲ ನಾಲ್ಕು ಕಡೆ ನೋಡಿ. ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಗೇರ್‌ಬಾಕ್ಸಿನ ಬಾಲ ಜೋತಿದೆ, ಜ್ಯಾಕ್ ಏರಿಸಿ. ಸಂದು ಎಲ್ಲ ಕಡೆ ಸಮವಾದಾಗ ಅದು ತಾನೇ ಜಾರುತ್ತದೆ. ಈ ಹಂತದಲ್ಲಿ ಗೇರ್‌ಬಾಕ್ಸಿನ ಭಾರವನ್ನು ಶಾಫ್ಟಿನ ಮೇಲೆ ಒಂದು ನಿಮಿಷವೂ ಬಿಡಬೇಡಿ. ಕ್ಲಚ್ ಪ್ಲೇಟಿನ ನಡುಭಾಗ ಬಗ್ಗಿಬಿಡುತ್ತದೆ.

ಆಟೋಮ್ಯಾಟಿಕ್ ಗಾಡಿ. ಕನ್ವರ್ಟರ್ ಬೋಲ್ಟು ಸಿಗ್ತಾನೇ ಇಲ್ಲ.

ಕನ್ವರ್ಟರ್ ಅಂದರೆ ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ಚಿನ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್. ಅದರ ಬೋಲ್ಟುಗಳು ಸಾಮಾನ್ಯವಾಗಿ 3, 4 ಅಥವಾ 6 ಇರುತ್ತವೆ. ಕೆಳಗಿನ ಮುಚ್ಚಳ ತೆಗೆದರೆ ಅಥವಾ ಸ್ಟಾರ್ಟರ್ ಬಿಚ್ಚಿದ ತೂತಿನಿಂದ ಒಂದೊಂದೇ ಕಾಣುತ್ತವೆ. ಮುಂದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಮಾಮೂಲಾಗಿ ತಿರುಗುವ ದಿಕ್ಕಿಗೇ ತಿರುಗಿಸಿ ಮುಂದಿನ ಬೋಲ್ಟನ್ನು ತೂತಿನ ಎದುರಿಗೆ ತನ್ನಿ. ಬಿಚ್ಚಿದ್ದಕ್ಕೆ ಪೇಂಟಿನಿಂದ ಗುರುತು ಹಾಕಿ, ಎಣಿಕೆ ತಪ್ಪುವುದಿಲ್ಲ. ಇವುಗಳ ತಲೆ ತೆಳು, ಬೇಗ ಹಾಳಾಗುತ್ತದೆ. ಎಲ್ಲ ಬಿಚ್ಚಿದ ಮೇಲೆ ಕನ್ವರ್ಟರನ್ನು ಗೇರ್‌ಬಾಕ್ಸ್ ಕಡೆಗೆ ತಳ್ಳಿ. ಅದು ಗೇರ್‌ಬಾಕ್ಸ್ ಜೊತೆಗೇ ಇರಬೇಕು.

## ಬೋಲ್ಟು ಕೈಕೊಟ್ಟಾಗ

ಗ್ಯಾಸ್ ಟಾರ್ಚ್ ಹಿಡಿಯಬಹುದಾ? ಅಲ್ಯೂಮಿನಿಯಂ ಕರಗಲ್ವಾ?

ಹಿಡಿಯಬಹುದು, ಎಚ್ಚರದಿಂದ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಥ್ರೆಡ್ಡಿನಲ್ಲಿದ್ದರೆ ಬೋಲ್ಟಿನ ಬದಲು ಅದರ ಸುತ್ತಲಿನ ಹೌಸಿಂಗನ್ನು ಬಿಸಿ ಮಾಡಿ, ತೂತು ದೊಡ್ಡದಾಗುತ್ತದೆ. ಬೋಲ್ಟು ಎರಕದ ಕಬ್ಬಿಣದ ಬ್ಲಾಕಿನಲ್ಲಿದ್ದರೆ ಬೋಲ್ಟಿನ ತಲೆಯನ್ನೇ ಬಿಸಿ ಮಾಡಿ, ಆರಲು ಬಿಡಿ. ಹಿಗ್ಗಿ ಕುಗ್ಗುವಾಗ ತುಕ್ಕು ಒಡೆಯುತ್ತದೆ. ಕೆಂಪು ಥ್ರೆಡ್ ಲಾಕರ್ ಸಡಿಲಾಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು.

ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಹೌಸಿಂಗಿನ ಮಿಶ್ರಲೋಹ ಇನ್ನೂ ಕಡಿಮೆಗೇ, ಆದರೆ ಕಬ್ಬಿಣದ ಹಾಗೆ ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ. ಅದಕ್ಕೇ ಬೆಂಕಿಯನ್ನು ಆಡಿಸುತ್ತಾ ಇರಿ, ಒಂದೇ ಕಡೆ ನಿಲ್ಲಿಸಬೇಡಿ. ಆಯಿಲ್ ಸೀಲ್, ಪೆಟ್ರೋಲ್ ಪೈಪು, ವೈರಿಂಗ್ ಹತ್ತಿರ ಇದ್ದರೆ ಟಾರ್ಚ್ ಬೇಡ, ಹೀಟ್ ಗನ್ ಸಾಕು. ಕೆಲವು ಗೇರ್‌ಬಾಕ್ಸ್ ಮೈ ಮೆಗ್ನೀಸಿಯಂದು. ಅದಕ್ಕೆ ಬೆಂಕಿ ತೋರಿಸಲೇಬೇಡಿ. ಎಣ್ಣೆ ಸ್ಪ್ರೇ ಮಾಡಿದ್ದರೆ ಒರೆಸಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಿದ ಜಾಗಕ್ಕೆ ಬೆಂಕಿ ಹಿಡಿದರೆ, ವೆಲ್ಡ್ ಮಾಡಿದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ಇದರಲ್ಲಿ ರಾಜಿ ಬೇಡ.

ತಲೆ ಸ್ಲಿಪ್ ಆಗಿದೆ, ಸಾಕೆಟ್ ಸುಮ್ನೆ ತಿರುಗ್ತಿದೆ.

ಅಲ್ಲಿಗೇ ನಿಲ್ಲಿಸಿ, ಉಳಿದಿರುವ ಅಂಚೂ ಹೋಗುತ್ತದೆ. ಮೊದಲು ಒಂದು ಸೈಜು ಚಿಕ್ಕ ಸಾಕೆಟ್ ಸುತ್ತಿಗೆಯಿಂದ ಬಡಿದು ಕೂರಿಸಿ. ಇಂಚಿನ ಸಾಕೆಟ್ ಇದ್ದರೆ 16ರ ತಲೆಗೆ 5/8, 13ರ ತಲೆಗೆ 1/2 ಒಂದು ಕೂದಲು ಚಿಕ್ಕದಾಗುತ್ತದೆ. ಅದಕ್ಕೂ ಬರದಿದ್ದರೆ ಒಳಗೆ ಸುರುಳಿ ಹಲ್ಲಿರುವ ಎಕ್ಸ್‌ಟ್ರ್ಯಾಕ್ಟರ್ ಸಾಕೆಟ್. ಜಾಗವಿದ್ದರೆ ಲಾಕಿಂಗ್ ಪ್ಲೈಯರ್.

ಯಾವುದೂ ಆಗದಿದ್ದರೆ ತಲೆಯನ್ನೇ ಡ್ರಿಲ್ ಮಾಡಿ ಹಾರಿಸಿ. ಇದು ಸೋಲು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನಗೆ ಇದು ಒಳ್ಳೆಯ ದಾರಿ. ತಲೆ ಹೋದ ತಕ್ಷಣ ಬೋಲ್ಟಿನ ಎಳೆತವೇ ಹೋಗುತ್ತದೆ. ಗೇರ್‌ಬಾಕ್ಸ್ ಹೊರಗೆ ಬಂದ ಮೇಲೆ ಉಳಿದ ಕಡ್ಡಿಯನ್ನು ಎಷ್ಟೋ ಸಲ ಪ್ಲೈಯರಲ್ಲೇ ತಿರುಗಿಸಿ ತೆಗೆಯಬಹುದು.

ಬೋಲ್ಟ್ ಮೇಲ್ಮೈ ಸಮಕ್ಕೆ ಕಟ್ ಆಗಿದೆ. ಈಜಿ ಔಟ್ ಹಾಕ್ಲಾ?

ಬೇಡ, ಕೊನೆಗಿಟ್ಟುಕೊಳ್ಳಿ. ಈಜಿ ಔಟ್ ಅಂದರೆ ಮುರಿದ ಬೋಲ್ಟಿಗೆ ತೂತು ಕೊರೆದು ಒಳಗೆ ಕಚ್ಚಿಸಿ ತಿರುಗಿಸುವ ಕಡ್ಡಿ. ತಲೆ ಇದ್ದಾಗಲೇ ಬರದ ಬೋಲ್ಟನ್ನು ಅದರ ಹೊಟ್ಟೆಯೊಳಗಿನ ಸಣ್ಣ ಕಡ್ಡಿ ತಿರುಗಿಸುತ್ತದಾ? ಈಜಿ ಔಟ್ ತುಂಬಾ ಗಡುಸು ಉಕ್ಕು, ಬಗ್ಗುವುದಿಲ್ಲ, ಮುರಿಯುತ್ತದೆ. ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯುವುದಿಲ್ಲ.

ವೆಲ್ಡಿಂಗ್ ಗೊತ್ತಿರುವವರಿದ್ದರೆ ಮುರಿದ ಬೋಲ್ಟಿನ ಮೇಲೆ ಒಂದು ನಟ್ ಇಟ್ಟು ನಟ್ಟಿನ ತೂತಿನೊಳಗೆ ವೆಲ್ಡ್ ಮಾಡಿಸಿ. ಹಿಡಿಯಲು ತಲೆಯೂ ಸಿಗುತ್ತದೆ, ಬಿಸಿಯೂ ನೇರ ಬೋಲ್ಟಿಗೇ ಇಳಿಯುತ್ತದೆ. ಉಕ್ಕಿನ ವೆಲ್ಡು ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಹಾಗಾಗಿ ಥ್ರೆಡ್ ಉಳಿಯುತ್ತದೆ. ಮೊದಲ ನಟ್ ಕಿತ್ತು ಬಂದರೆ ಇನ್ನೊಂದು ಇಡಿ. ಮೂರನೆಯದಕ್ಕೆ ಬಂದದ್ದನ್ನು ನೋಡಿದ್ದೇನೆ.

ವೆಲ್ಡಿಂಗ್ ಇಲ್ಲದಿದ್ದರೆ ಸರಿಯಾಗಿ ನಡುವಿಗೆ ಪಂಚ್ ಹೊಡೆದು, ಎಡಗಡೆ ತಿರುಗುವ ಡ್ರಿಲ್ ಬಿಟ್ಟಿನಿಂದ 3 ಮಿ.ಮೀ. ತೂತು ಶುರು ಮಾಡಿ. ಕೊರೆಯುವಾಗಲೇ ಬೋಲ್ಟು ಬಿಚ್ಚುವ ದಿಕ್ಕಿಗೆ ಎಳೆತ ಬೀಳುವುದರಿಂದ ಕೆಲವು ಸಲ ಅದೇ ಹೊರಗೆ ಬರುತ್ತದೆ. ಬರದಿದ್ದರೆ ಹಂತ ಹಂತವಾಗಿ ದೊಡ್ಡದು ಮಾಡುತ್ತಾ ಹೋಗಿ. ಎಂ10×1.5 ಬೋಲ್ಟಿಗೆ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ತೂತು 8.5 ಮಿ.ಮೀ., ಎಂ12×1.75ಕ್ಕೆ 10.2. ಅದನ್ನು ದಾಟಿದರೆ ಥ್ರೆಡ್ ಹೋಗುತ್ತದೆ. ನಡುವಿನಿಂದ ತಪ್ಪದಿದ್ದರೆ ಉಳಿದ ಸುರುಳಿಯನ್ನು ಮೊಳೆಯಿಂದ ಕೆದಕಿ ಎಳೆಯಬಹುದು.

ಥ್ರೆಡ್ಡೇ ಹೋಗಿದೆ. ಬ್ಲಾಕ್ ಬದಲಾಯಿಸಬೇಕಾ?

ಬೇಡ. ಹೆಲಿಕಾಯಿಲ್ ಅಂತ ಉಕ್ಕಿನ ಸುರುಳಿ ಸಿಗುತ್ತದೆ. ಕಿಟ್ಟಿನಲ್ಲಿ ಹೇಳಿದ ಡ್ರಿಲ್ಲಿನಿಂದ ಕೊರೆದು, ಅದರದ್ದೇ ಟ್ಯಾಪ್ ಹಾಕಿ, ಸುರುಳಿ ಕೂರಿಸಿದರೆ ಮೊದಲಿನ ಸೈಜಿನ ಬೋಲ್ಟೇ ಹೋಗುತ್ತದೆ. ಅಲ್ಯೂಮಿನಿಯಂನಲ್ಲಿ ಹಳೆಯ ಥ್ರೆಡ್ಡಿಗಿಂತ ಗಟ್ಟಿ ಅಂತಲೇ ಹೇಳಬಹುದು. ಡ್ರಿಲ್ ನೆಟ್ಟಗೆ ಇರಬೇಕು, ಅದೊಂದೇ ಷರತ್ತು.

ವಾಪಸ್ ಹಾಕುವಾಗ ಹಳೇ ಬೋಲ್ಟೇ ಹಾಕಬಹುದಾ? ಆ್ಯಂಟಿ ಸೀಜ್ ಹಚ್ಚಬೇಕಾ?

ಥ್ರೆಡ್ ಚೆನ್ನಾಗಿದ್ದು, ಉದ್ದ ಎಳೆದುಕೊಂಡಿಲ್ಲದಿದ್ದರೆ ಹಾಕಬಹುದು. ನಡುಭಾಗ ಸಣ್ಣದಾಗಿ ಸೊಂಟದ ಹಾಗೆ ಕಂಡರೆ ಎಸೆಯಿರಿ. ಫ್ಲೈವೀಲ್ ಬೋಲ್ಟುಗಳು ಹೆಚ್ಚಿನ ಗಾಡಿಗಳಲ್ಲಿ ಒಂದೇ ಸಲ ಬಳಸುವಂಥವು, ಮ್ಯಾನುಯಲ್ ನೋಡಿ. ಹೊಸದು ತರುವಾಗ ತಲೆಯ ಮೇಲಿನ 8.8 ಅಥವಾ 10.9 ನೋಡಿ, ಅದೇ ದರ್ಜೆಯದು ತನ್ನಿ.

ಆ್ಯಂಟಿ ಸೀಜ್ (ಬೋಲ್ಟು ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಅಲ್ಯೂಮಿನಿಯಂಗೆ ಹೋಗುವ ಬೋಲ್ಟಿಗೆ ತೆಳುವಾಗಿ ಹಚ್ಚಿ. ಆದರೆ ಮ್ಯಾನುಯಲ್ಲಿನ ಟಾರ್ಕ್ ಒಣ ಥ್ರೆಡ್ಡಿಗೆ ಹೇಳಿದ್ದಾದರೆ, ಹಚ್ಚಿದ ಮೇಲೆ ಅಷ್ಟೇ ಬಿಗಿ ಮಾಡಬೇಡಿ. ಉಜ್ಜಾಟ ಕಡಿಮೆಯಾಗಿ ಬೋಲ್ಟು ಬೇಕಾದ್ದಕ್ಕಿಂತ ಜಾಸ್ತಿ ಎಳೆದುಕೊಳ್ಳುತ್ತದೆ.

ಡೋವೆಲ್ ಪಿನ್ನು ಎರಡೂ ಜಾಗದಲ್ಲಿವೆಯಾ ನೋಡಿ, ಉಜ್ಜಿ ಸ್ವಲ್ಪ ಗ್ರೀಸ್ ಹಚ್ಚಿ. ಎಂಜಿನ್ನೂ ಗೇರ್‌ಬಾಕ್ಸೂ ಕೈಯಿಂದ ತಳ್ಳಿದಾಗಲೇ ಮುಖಕ್ಕೆ ಮುಖ ಕೂಡಬೇಕು. ಸಂದು ಉಳಿದಿದ್ದರೆ ಬೋಲ್ಟು ಬಿಗಿ ಮಾಡಿ ಎಳೆಯಬೇಡಿ. ಮ್ಯಾನುಯಲ್ ಆದರೆ ಕ್ಲಚ್ ಪ್ಲೇಟ್ ನಡುವಿಗೆ ಕೂತಿಲ್ಲ, ಆಟೋಮ್ಯಾಟಿಕ್ ಆದರೆ ಕನ್ವರ್ಟರ್ ಪೂರ್ತಿ ಒಳಗೆ ಹೋಗಿಲ್ಲ. ಹಾಗೇ ಎಳೆದರೆ ಗೇರ್‌ಬಾಕ್ಸಿನ ಪಂಪು ಒಡೆಯುತ್ತದೆ. ಮತ್ತೆ ಹಿಂದಕ್ಕೆ ತೆಗೆದು, ಕನ್ವರ್ಟರನ್ನು ತಿರುಗಿಸುತ್ತಾ ಒಳಗೆ ತಳ್ಳಿ. ಎರಡು ಮೂರು ಸಲ ‘ಕಟಕ್’ ಅಂತ ಹಂತ ಹಂತವಾಗಿ ಒಳಗೆ ಕೂರುತ್ತದೆ, ಆಮೇಲೆ ಜೋಡಿಸಿ.